ಅರ್ಧ ಕೆಟ್ಟದ್ದಲ್ಲ ಅಂದರೆ ಎಷ್ಟು ಒಳ್ಳೆಯದು?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇಂಗ್ಲೆಂಡಿನವರೊಬ್ಬರು ಬಾಸ್ ಆಗಿದ್ದರು. ಅವರ ಮುಖ ನೋಡಿದ್ದು ಕಂಪ್ಯೂಟರಿನಲ್ಲಿ ಮಾತ್ರ. ಮೂರು ದಿನ ಕೂತು ಇಪ್ಪತ್ತು ಪುಟದ ರಿಪೋರ್ಟ್ ಬರೆದು ಅವರಿಗೆ ಮೇಲ್ ಮಾಡಿದೆ. ಉತ್ತರ ಬಂತು. ಮೂರೇ ಪದ. ‘ನಾಟ್ ಹಾಫ್ ಬ್ಯಾಡ್.’

ನಾನು ಅದನ್ನು ಲೆಕ್ಕದ ಹಾಗೆ ಬಿಡಿಸಿದೆ. ಅರ್ಧ ಕೆಟ್ಟದಾಗಿಲ್ಲ. ಅಂದಮೇಲೆ ಉಳಿದರ್ಧ ಕೆಟ್ಟದಾಗಿದೆ. ಸರಿ, ಯಾವ ಅರ್ಧ? ಕೇಳೋಣ ಅಂದರೆ ಮರ್ಯಾದೆ ಪ್ರಶ್ನೆ. ಮೊದಲ ಹತ್ತು ಪುಟ ನನಗೇ ಇಷ್ಟವಾಗಿದ್ದವು, ಹಾಗಾಗಿ ಎಡವಟ್ಟು ಕೊನೆಯ ಹತ್ತರಲ್ಲೇ ಇರಬೇಕು ಅಂತ ತೀರ್ಮಾನಿಸಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಅವನ್ನು ಹೊಸದಾಗಿ ಬರೆದು, ಬೆಳಗಿನ ಜಾವ ನಾಲ್ಕಕ್ಕೆ ಕಳಿಸಿ, ‘ಕೆಟ್ಟ ಅರ್ಧವನ್ನು ಸರಿಪಡಿಸಿದ್ದೇನೆ’ ಅಂತ ವಿನಯವಾಗಿ ಒಂದು ಸಾಲು ಬೇರೆ ಸೇರಿಸಿದೆ.

ಯಾವ ಕೆಟ್ಟ ಅರ್ಧ, ನಿನ್ನೆಯದೇ ಚೆನ್ನಾಗಿತ್ತಲ್ಲ, ಅದನ್ನು ಆಗಲೇ ಮೇಲಿನವರಿಗೆ ಕಳಿಸಿ ಆಯ್ತು ಅಂತ ಉತ್ತರ ಬಂತು. ಹೊಸ ಹತ್ತು ಪುಟಗಳನ್ನು ಯಾರೂ ಓದಲಿಲ್ಲ. ಈಗ ತೆಗೆದು ನೋಡಿದರೆ, ಓದದೇ ಇದ್ದದ್ದೇ ಒಳ್ಳೆಯದಾಯ್ತು.

ಆಮೇಲೆ ಡಿಕ್ಷನರಿ ತೆಗೆದೆ. ‘ನಾಟ್ ಹಾಫ್ ಬ್ಯಾಡ್’ ಅಂದರೆ ‘ಸಾಕಷ್ಟು ಚೆನ್ನಾಗಿದೆ’ ಅಂತ. ಅರ್ಧ ಅನ್ನೋದು ಅಲ್ಲಿ ಲೆಕ್ಕಕ್ಕೇ ಇಲ್ಲ. ಇನ್ನೂ ತಮಾಷೆ ಅಂದರೆ ಬ್ರಿಟಿಷರ ಆಡುಮಾತಿನಲ್ಲಿ ಒಬ್ಬ ‘ಅರ್ಧ ಕಿರುಚಲಿಲ್ಲ’ ಅಂದರೆ ಅವನು ಗಂಟಲು ಹರಿಯುವ ಹಾಗೆ ಕಿರುಚಿದ ಅಂತ ಅರ್ಥ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ.

ಹೀಗೆ ‘ಅಲ್ಲ’ ಹಚ್ಚಿ ‘ಹೌದು’ ಅನ್ನೋದಕ್ಕೆ ಲೈಟೋಟೀಸ್ ಅಂತ ಹೆಸರಂತೆ. ಕೇಳಿದರೆ ಯಾವುದೋ ಚರ್ಮದ ಕಾಯಿಲೆ ಇದ್ದ ಹಾಗಿದೆ, ಆದರೆ ‘ಸರಳ’ ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಸರಳ! ನನ್ನ ಒಂದು ರಾತ್ರಿಯ ನಿದ್ದೆ ತಿಂದದ್ದು ಸರಳ.

ಬರೀ ‘ನಾಟ್ ಬ್ಯಾಡ್’ ಕೂಡ ಸುಲಭದ್ದೇನಲ್ಲ. ಹುಬ್ಬು ಏರಿಸಿ, ‘ಬ್ಯಾಡ್’ ಅನ್ನು ಸ್ವಲ್ಪ ಎಳೆದು ಹೇಳಿದರೆ ಭೇಷ್ ಅಂದ ಹಾಗೆ. ಭುಜ ಕುಣಿಸಿ ಹೇಳಿದರೆ ‘ಏನೋ ಒಂದು, ನಡೆಯುತ್ತೆ’. ಮೇಲ್‌ನಲ್ಲಿ ಹುಬ್ಬು ಬರೋದಿಲ್ಲ, ಭುಜವೂ ಬರೋದಿಲ್ಲ. ‘ಕ್ವೈಟ್ ಗುಡ್’ ಇನ್ನೂ ಮೋಸ. ಅಮೆರಿಕದವರು ಅಂದರೆ ಸಾಮಾನ್ಯವಾಗಿ ‘ತುಂಬಾ ಚೆನ್ನಾಗಿದೆ’, ಬ್ರಿಟಿಷರು ಅಂದರೆ ಎಷ್ಟೋ ಸಲ ‘ತಕ್ಕಮಟ್ಟಿಗಿದೆ’ ಅಷ್ಟೇ.

ಹಾಗಾದರೆ ನಿಜವಾಗಿಯೂ ಅರ್ಧ ಒಳ್ಳೆಯದು ಅರ್ಧ ಕೆಟ್ಟದ್ದು ಅನ್ನೋದಕ್ಕೆ ಇವರು ಏನಂತಾರೆ? ಅದಕ್ಕೆ ‘ಕ್ಯುರೇಟ್ಸ್ ಎಗ್’, ಅಂದರೆ ಕಿರಿಯ ಪಾದ್ರಿಯ ಮೊಟ್ಟೆ. 1895ರ ನವೆಂಬರ್‌ನಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಜಾರ್ಜ್ ಡು ಮಾರಿಯೆ ಬರೆದ ಒಂದು ವ್ಯಂಗ್ಯಚಿತ್ರ ಬಂತು. ಬಿಷಪ್ ಜೊತೆ ತಿಂಡಿಗೆ ಕೂತ ಕಿರಿಯ ಪಾದ್ರಿಗೆ ಕೆಟ್ಟ ಮೊಟ್ಟೆ ಸಿಕ್ಕಿದೆ. ಬಿಷಪ್‌ಗೇ ಗೊತ್ತಾಗಿ, ನಿಮಗೆ ಕೆಟ್ಟ ಮೊಟ್ಟೆ ಬಂದಿದೆಯೇನೋ ಅಂದರೆ, ಈ ಪುಣ್ಯಾತ್ಮ ಇಲ್ಲ ಇಲ್ಲ, ಕೆಲವು ಭಾಗ ಬಹಳ ಚೆನ್ನಾಗಿದೆ ಅಂತಾನೆ. ಪಾಪ ಅನ್ನಿಸಿತು. ನಾಲ್ಕು ಗಂಟೆಗೆ ಮೇಲ್ ಕಳಿಸಿದ ನನ್ನ ಮುಖವೂ ಹಾಗೇ ಇದ್ದಿರಬೇಕು.

ನಾವೇನು ಕಮ್ಮಿ ಇಲ್ಲ ಬಿಡಿ. ನೋಡಿ, ಈ ‘ಕಮ್ಮಿ ಇಲ್ಲ’ವೂ ಅದೇ ಜಾತಿಯದ್ದು. ‘ಅವನೇನು ಸಾಮಾನ್ಯದವನಲ್ಲ’ ಅನ್ನೋದೂ ಅದೇ. ಕೆಲವು ಕಡೆ ‘ಅಡ್ಡಿಲ್ಲ’ ಅಂತಾರೆ. ಇವೆಲ್ಲಕ್ಕೂ ದೊಡ್ಡಣ್ಣ ‘ಪರವಾಗಿಲ್ಲ’. ಪರ್ಷಿಯನ್ ಭಾಷೆಯ ‘ಪರ್ವಾ’, ಅಂದರೆ ಚಿಂತೆ, ಅದಕ್ಕೆ ನಮ್ಮ ‘ಇಲ್ಲ’ ಸೇರಿಸಿ ಮಾಡಿಕೊಂಡ ಮಾತು. ಹೊಗಳೋದಕ್ಕೂ ಅದೇ, ಕ್ಷಮಿಸೋದಕ್ಕೂ ಅದೇ, ‘ಬೇಡ, ನಾನೇ ಮಾಡ್ಕೋತೀನಿ’ ಅಂತ ಮುಖ ತಿರುಗಿಸೋದಕ್ಕೂ ಅದೇ. ಹೊರಗಿನವರು ಇದನ್ನು ಹೇಗೆ ಕಲೀತಾರೋ ದೇವರೇ ಬಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ನೆ ಇರಬೇಕಿತ್ತು ಅಲ್ವಾ? ನನ್ನ ಹೆಂಡತಿ ಆಗಷ್ಟೇ ಕಾರು ಕಲಿತಿದ್ದಳು. ಒಂದು ಸಂಜೆ ಎರಡು ಕಂಬಗಳ ನಡುವೆ ರಿವರ್ಸಿನಲ್ಲಿ, ಒಂದೇ ಸಲಕ್ಕೆ, ಗೆರೆ ಎಳೆದ ಹಾಗೆ ಕಾರು ನಿಲ್ಲಿಸಿದಳು. ನಾನಾಗಿದ್ದರೆ ಮೂರು ಸಲ ಹಿಂದೆ ಮುಂದೆ ಮಾಡ್ತಿದ್ದೆ. ಖುಷಿಯಾಗಿ, ಹೊಸದಾಗಿ ಕಲಿತದ್ದನ್ನು ಬಳಸೋಣ ಅಂತ, ಹುಬ್ಬನ್ನೂ ಏರಿಸಿ, “ನಾಟ್ ಹಾಫ್ ಬ್ಯಾಡ್!” ಅಂದೆ.

ಎಂಜಿನ್ ಸದ್ದಿನಲ್ಲಿ ‘ನಾಟ್’ ಕೇಳಿಸಲಿಲ್ಲವಂತೆ.

“ಅರ್ಧ ಕೆಟ್ಟದಾಗಿದ್ಯಾ? ತಗೊಳ್ರೀ, ಪೂರ್ತಿ ಒಳ್ಳೆಯದು ಹೇಗಿರುತ್ತೆ ನೀವೇ ತೋರಿಸಿ” ಅಂತ ಕೀ ಕೈಗಿಟ್ಟಳು. ಲೈಟೋಟೀಸ್, ಗ್ರೀಕ್ ಅಂತೆಲ್ಲ ವಿವರಿಸಲು ಹೋದೆ. ಕೈಕಟ್ಟಿ ನಿಂತೇ ಇದ್ದಳು. ಬೇರೆ ದಾರಿ ಇಲ್ಲದೆ ಕಾರು ಹೊರಗೆ ತೆಗೆದು, ರಿವರ್ಸ್ ಹಾಕಿ, ಎಡಗಡೆ ಕನ್ನಡಿಯನ್ನೇ ಜಾಸ್ತಿ ನೋಡ್ತಾ ಬಂದೆ. ಬಲಗಡೆ ಕಂಬಕ್ಕೆ ಬಂಪರ್ ಟಪ್ ಅಂತು.

ಅವಳು ಬಗ್ಗಿ ಬಂಪರ್ ನೋಡಿದಳು. ಎದ್ದು ನನ್ನನ್ನು ನೋಡಿದಳು. “ಪರವಾಗಿಲ್ಲ” ಅಂದು ಒಳಗೆ ಹೋದಳು.

ಯಾವ ಪರವಾಗಿಲ್ಲ ಅಂತ ಕೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.