ಅರಿಶಿನದ ಆಟಗಾರ

ಒಂದು ಕಡೆ ಖಾಲಿ ಇರುವ ಕಾಗದವನ್ನು ಎಸೆದ ಚರಿತ್ರೆ ನಮ್ಮ ಮನೆತನದಲ್ಲೇ ಇಲ್ಲ. ಹಾಲಿನ ಲೆಕ್ಕ ಲಗ್ನಪತ್ರಿಕೆಯ ಹಿಂದೆ, ದಿನಸಿ ಚೀಟಿ ಕ್ಯಾಲೆಂಡರ್ ಹಾಳೆಯ ಹಿಂದೆ. ಅಂಥ ಮನೆಯವನು ನಾನು ನ್ಯೂಜೆರ್ಸಿಗೆ ಬಂದು, ಹಿಂದೆ ಖಾಲಿ ಇದೆ ಅನ್ನೋ ಕಾರಣಕ್ಕೇ ಒಂದು ರಟ್ಟಿನ ಚೂರಿಗೆ 40 ಡಾಲರ್ ಕೊಟ್ಟೆ.

ಅದು ಹಳೇ ಬೇಸ್‌ಬಾಲ್ ಕಾರ್ಡಿನ ಪ್ರೂಫ್. ಬೇಸ್‌ಬಾಲ್ ಕಾರ್ಡ್ ಅಂದ್ರೆ ಆಟಗಾರರ ಫೋಟೋ ಇರುವ ಪುಟ್ಟ ರಟ್ಟು, ಇಲ್ಲಿನವರು ಕೂಡಿಡ್ತಾರೆ. ಪ್ರೂಫ್ ಅಂದ್ರೆ, ಲಗ್ನಪತ್ರಿಕೆ ಅಚ್ಚಾಗುವ ಮುಂಚೆ ಪ್ರೆಸ್ಸಿನವರು ಒಂದು ಪ್ರತಿ ಕೊಟ್ಟು, ಹುಡುಗನ ಇನಿಶಿಯಲ್ ಸರಿಯಾಗಿದೆಯಾ ನೋಡಿ ಅಂತಾರಲ್ಲ, ಅದೇ. ನಾವು ತಿದ್ದಿ ಮರೆತುಬಿಡ್ತೇವೆ. ಇಲ್ಲಿ ಯಾರೋ ಪುಣ್ಯಾತ್ಮ ಜೋಪಾನ ಮಾಡಿರ್ತಾನೆ. ಬಣ್ಣ ಸರಿಯಾಗಿ ಕೂತಿದೆಯಾ ಅಂತ ನೋಡೋಕಷ್ಟೇ ತೆಗೆದದ್ದು, ಹಾಗಾಗಿ ಎಷ್ಟೋ ಪ್ರೂಫ್‌ಗಳ ಹಿಂಬದಿ ಬೋಳು, ಅಂಚು ಸೊಟ್ಟ.

ನನಗೆ ಈ ಹುಚ್ಚು ಹತ್ತಿಸಿದ್ದು ರೆಗ್ಗೀ ಜಾಕ್ಸನ್ ಅನ್ನೋ ಬೇಸ್‌ಬಾಲ್ ಆಟಗಾರ. 1976ರಲ್ಲಿ ಆತ ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಆಡಿದ. ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿಯವರು 1977ರ ಕಾರ್ಡಿಗೆ ಓರಿಯೋಲ್ಸ್ ಉಡುಪಿನ ಫೋಟೋವನ್ನೇ ಹಾಕಿ ಪ್ರೂಫ್ ತೆಗೆದಿದ್ದರು. ಈ ಮಹಾಶಯ 1976ರ ನವೆಂಬರಿನಲ್ಲೇ ನ್ಯೂಯಾರ್ಕ್ ಯಾಂಕೀಸ್ ತಂಡ ಸೇರಿಬಿಟ್ಟ! ಫೋಟೋಶಾಪ್ ಇಲ್ಲದ ಕಾಲ. ಚಿತ್ರದ ಮೇಲೆ ಬಣ್ಣ ಬಳಿದು ಯಾಂಕೀಸ್ ವೇಷ ಹಾಕಿಸಿದರು. ಅಂಗಡಿಗೆ ಬಂದಿದ್ದು ಆ ವೇಷದ್ದು. ಓರಿಯೋಲ್ಸ್ ಪ್ರೂಫ್ ಉಳಿದದ್ದು ಬೆರಳೆಣಿಕೆಯಷ್ಟು. ಅದರ ಬೆಲೆ ಕೇಳೋಕೂ ನನಗೆ ಧೈರ್ಯವಿಲ್ಲ.

ನನ್ನ ಯೋಗ್ಯತೆಗೆ ಸಿಕ್ಕಿದವನು ಹೆಸರೇ ಕೇಳಿರದ ಒಬ್ಬ ಆಟಗಾರ. ಒಂದೊಂದು ಬಣ್ಣವನ್ನೂ ಬೇರೆ ಬೇರೆ ಅಚ್ಚು ಹಾಕಿ ನೋಡ್ತಿದ್ದರಂತೆ. ನನ್ನದು ಬರೀ ಹಳದಿಯ ಪ್ರತಿ. ಮುಖ, ಕೈ, ಬ್ಯಾಟು, ಹುಲ್ಲು ಎಲ್ಲಾ ಹಳದಿ. "ಅರಿಶಿನ ಶಾಸ್ತ್ರದ ಮಧ್ಯದಲ್ಲಿ ಎದ್ದು ಬಂದಿದ್ದಾನಾ?" ಅಂದಳು ಹೆಂಡತಿ.

ಊಟದ ಮೇಜಿನ ಮೇಲಿಟ್ಟು ಪ್ಲಾಸ್ಟಿಕ್ ಕವರ್ ತರೋಕೆ ಮಾಳಿಗೆಗೆ ಹೋದೆ. ಐದೇ ನಿಮಿಷ. ಕೆಳಗೆ ಅಮ್ಮ ಮೈಸೂರಿನ ದೊಡ್ಡಮ್ಮನ ಜೊತೆ ಫೋನಿನಲ್ಲಿದ್ದಳು. ಕೈಯಲ್ಲಿ ಬಾಲ್‌ಪೆನ್. ಪೆನ್ನಿನ ಕೆಳಗೆ ನನ್ನ ಆಟಗಾರ, ಬೋರಲಾಗಿ.

ಧನಿಯ 2 ಪಾವು. ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ. ಮೆಂತ್ಯ 2 ಚಮಚ. ಅಮ್ಮ ಬರೆಯೋದೂ ಅಂದ್ರೆ ಕಲ್ಲಿಗೆ ಕೆತ್ತಿದ ಹಾಗೆ. ತಿರುಗಿಸಿ ನೋಡಿದರೆ ಬ್ಯಾಟಿನ ಪಕ್ಕ 'ಇಂಗು' ಉಲ್ಟಾ ಉಬ್ಬಿ ನಿಂತಿತ್ತು.

"ಹಿಂದೆ ಖಾಲಿ ಇತ್ತಲ್ಲೋ! ಮುಂದೇನೂ ಸರಿಯಾಗಿ ಅಚ್ಚಾಗಿಲ್ಲ. ಯಾರೋ ಬಿಸಾಕಿದ್ದು ಅಂದ್ಕೊಂಡೆ."

ಬೆಲೆ ಹೇಳಿದೆ. ಅಮ್ಮ ಮನಸ್ಸಲ್ಲೇ ರೂಪಾಯಿಗೆ ತಿರುಗಿಸಿದಳು. ಆಮೇಲೆ ನನ್ನ ಪರ ಮಾತಾಡೋಕೆ ಏನೂ ಉಳಿಯಲಿಲ್ಲ.

ಮುಂದಿನ ಕಾರ್ಡ್ ಮೇಳಕ್ಕೆ ಅದನ್ನೇ ಒಯ್ದೆ, ಏನಾದರೂ ಮಾಡಬಹುದಾ ಅಂತ ಕೇಳೋಕೆ. ಅಲ್ಲಿನ ಮುದುಕ ವ್ಯಾಪಾರಿ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ. "ಇದು ಆಟಗಾರನ ಹಸ್ತಾಕ್ಷರವಾ?" ಅಂದ. ಹೌದು ಅನ್ನೋಣವಾ ಅಂತ ಒಂದು ಕ್ಷಣ ನಿಜವಾಗಲೂ ಅನ್ನಿಸಿತು. ಸಾರಿನ ಪುಡಿ ಅಂದೆ. ಭೂತಗನ್ನಡಿ ಒಳಗಿಟ್ಟ.

ಕಾರ್ಡು ಈಗ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ, ನನ್ನ ಸಂಗ್ರಹದ ಮೊದಲ ಸಾಲಿನಲ್ಲಿದೆ. ಆದರೆ ಎರಡು ತಿಂಗಳಿಗೊಮ್ಮೆ ಅಡುಗೆಮನೆಯಿಂದ ಕೂಗು ಬರುತ್ತದೆ: "ರೀ, ಆ ಅರಿಶಿನದವನನ್ನ ಸ್ವಲ್ಪ ಮಗುಚಿ, ಮೆಂತ್ಯ ಎಷ್ಟು ಅಂತ ಹೇಳಿ."