ಭೇದಿ ನಿಂತಿತು ಅಂತ ಜಿಂಕ್ ಬಿಡಬೇಡಿ
ಓಆರ್‌ಎಸ್ ಬಗ್ಗೆ ಮಕ್ಕಳ ಭೇದಿ ಕುರಿತ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ, ಅದರ ಜೊತೆಗೇ ಕೊಡಬೇಕಾದ ಜಿಂಕ್ ಮಾತ್ರೆಗೆ ಮಾತ್ರ ಒಂದೇ ಸಾಲು! ನಮ್ಮ ಮನೆಗಳಲ್ಲಿ ತಪ್ಪುವುದೇ ಅಲ್ಲಿ. ಎರಡು ದಿನಕ್ಕೆ ಮಗುವಿನ ಭೇದಿ ನಿಲ್ಲುತ್ತದೆ, ಉಳಿದ ಮಾತ್ರೆ ಫ್ರಿಜ್ ಮೇಲೆ ಹೋಗಿ ಕೂರುತ್ತದೆ, ಅಲ್ವಾ? ನಮ್ಮ ಸರ್ಕಾರದ ಕಾರ್ಯಕ್ರಮದ ಪ್ರಕಾರ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10, ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು, ಯಾಕೆಂದರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವುದನ್ನು ಇದು ಕಡಿಮೆ ಮಾಡುತ್ತದೆ. ಚಮಚದಲ್ಲಿ ಎದೆಹಾಲು ಇಲ್ಲವೇ ಕುಡಿಯುವ ನೀರು ಹಾಕಿದರೆ ಮಾತ್ರೆ ಕರಗುತ್ತದೆ. ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ಇದನ್ನು ಬಿಟ್ಟು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಆ್ಯಂಟಿಬಯಾಟಿಕ್ ಕೇಳುವವರೇ ಜಾಸ್ತಿ. ಹಾಂ, ಜಿಂಕ್ ಇದೆ ಅಂತ ಓಆರ್‌ಎಸ್, ಎದೆಹಾಲು, ಊಟ ಯಾವುದನ್ನೂ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.