ಪ್ರಿಸರ್ವೇಟಿವ್‌ಗೆ ಹೆದರುವವರಿಗೆ ಟ್ಯೂಬಿನ ಹೆದರಿಕೆ ಏಕಿಲ್ಲ?

ನಿನ್ನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಬಳಗದ ಹುಡುಗಿಯ ಕುಬಸ, ಅಂದರೆ ಸೀಮಂತ, ಇತ್ತು. ಹಸಿರು ಸೀರೆ, ಹಸಿರು ಬಳೆ, ಹೋಳಿಗೆ ಊಟ, ಎಲ್ಲವೂ ಸಾಂಗವಾಗಿ ನಡೆದವು. ಉಡಿ ತುಂಬುವ ಹೊತ್ತಿಗೆ ಹಿರಿಯರೊಬ್ಬರು ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಇಟ್ಟರು. ಬಸಿರಿನಲ್ಲಿ ಕೆನ್ನೆಯ ಮೇಲೆ ಎದ್ದಿರುವ ಬಂಗು ಹೋಗಿ ಮುಖ ಬೆಳಗಲಿ ಎಂದು ಅವರೇ ತಯಾರಿಸಿದ ಕ್ರೀಮು ಅದು. "ಏನೂ ಕೆಮಿಕಲ್ ಹಾಕಿಲ್ಲವ್ವಾ, ಎಲ್ಲಾ ಮನ್ಯಾಗ ಮಾಡಿದ್ದು, ಎಂಟ್ ದಿನದಾಗ ಫರಕ್ ಕಾಣತೈತಿ" ಎಂದರು.

ಬಿ.ಫಾರ್ಮ್ ಹುಡುಗರಿಗೆ ಮುಲಾಮು ಮಾಡುವುದನ್ನು ಕಲಿಸುತ್ತಲೇ ತಲೆ ನೆರೆತ ನನ್ನಂಥವಳ ಎದುರಿಗೆ ಈ ಮಾತು ಆಡಬಾರದಿತ್ತು. ಏನೇನು ಹಾಕಿದ್ದೀರಿ ಎಂದು ಕೇಳಿದೆ. ಲೋಳಸರದ ತಿರುಳು, ಗುಲಾಬಿ ನೀರು, ಗ್ಲಿಸರಿನ್, ವಿಟಮಿನ್ ಇ ಗುಳಿಗೆಯೊಳಗಿನ ಎಣ್ಣೆ ಎಂದು ಎಣಿಸಿ, ಕೊನೆಗೆ ದನಿ ತಗ್ಗಿಸದೆಯೇ, ಔಷಧದ ಅಂಗಡಿಯಲ್ಲಿ ಸಿಗುವ "ಬಂಗಿನ ಟ್ಯೂಬ್" ಒಂದನ್ನು ಇಡಿಯಾಗಿ ಹಿಂಡಿದ್ದಾಗಿ ಹೇಳಿದರು. ಕ್ರೀಮು ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಯಾವುದು ಎಂದು ಕೇಳಿದ್ದೇ ತಡ, ಮುಖ ಸಿಂಡರಿಸಿ, "ಅಯ್ಯ, ಅದು ಕೆಮಿಕಲ್ ಅಲ್ಲೇನವ್ವಾ?" ಎಂದರು.

ನನ್ನ ಸಿಟ್ಟೆಲ್ಲ ಇರುವುದು ಈ ಒಂದು ವಿಷಯಕ್ಕೆ. ಇಂತಹ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಗಳು ಬೆರೆತಿರುತ್ತವೆ: ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ವಿಟಮಿನ್ ಎ ಬಳಗದ ಟ್ರೆಟಿನಾಯಿನ್ ಮತ್ತು ಉರಿಯೂತ ತಗ್ಗಿಸುವ ಒಂದು ಸ್ಟಿರಾಯ್ಡ್. 1975ರಲ್ಲಿ ಕ್ಲಿಗ್ಮನ್ ಎಂಬ ಅಮೆರಿಕದ ಚರ್ಮವೈದ್ಯ ಮತ್ತು ಅವನ ಸಹೋದ್ಯೋಗಿ ಪ್ರಕಟಿಸಿದ ಮಿಶ್ರಣದ ವಂಶದ್ದು ಇದು. ವೈದ್ಯರು ನೋಡಿ, ಇಷ್ಟೇ ವಾರ ಎಂದು ಕಟ್ಟುನಿಟ್ಟಾಗಿ ಹೇಳಿ ಕೊಟ್ಟರೆ ಉಪಯುಕ್ತವಾದ ಔಷಧವೇ. ಆದರೆ ಟ್ರೆಟಿನಾಯಿನನ್ನು ಬಸುರಿಯರು ಹಚ್ಚಬಾರದೆಂದು ವೈದ್ಯರು ಹೇಳುತ್ತಾರೆ, ನಮ್ಮವರು ಅದನ್ನು ಕುಬಸದ ಉಡಿಯಲ್ಲಿ ಇಡುತ್ತಾರೆ. ಬಸಿರಿನ ಬಂಗು ಬಹಳ ಜನರಲ್ಲಿ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿಯೇ ಮಾಸುತ್ತದೆ ಎಂಬುದನ್ನು ಹೇಳುವ ತಾಳ್ಮೆ ಯಾರಿಗೂ ಇಲ್ಲ.

ಎಂಟು ದಿನದ ಫರಕಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ಸ್ಟಿರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಹಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬಿಬ್ಬರು ಈ ಬಿಳಿಚುವಿಕೆಯನ್ನೇ ಅಳತೆಗೋಲಾಗಿ ಹಿಡಿದು ಯಾವ ಸ್ಟಿರಾಯ್ಡ್ ಎಷ್ಟು ಬಲವಾದದ್ದೆಂದು ಹೋಲಿಸುವ ವಿಧಾನವನ್ನು ಕಂಡುಕೊಂಡರು. ಕನ್ನಡಿಯಲ್ಲಿ ಕಂಡು ಹಿಗ್ಗುವ ಆ ಬಿಳುಪು, ಮದ್ದಿನ ಬಲದ ಗುರುತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ ಮತ್ತು ಕೂದಲು ಹುಟ್ಟುತ್ತವೆ, ಬಿಟ್ಟ ಕೂಡಲೇ ಮುಖ ಉರಿದೇಳುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್‌ನಡಿ ತಂದಿತು. ಚೀಟಿ ಕೇಳಿದರೆ ಅಂಗಡಿಯವನ ಮೇಲೆಯೇ ಜಗಳಕ್ಕೆ ಬೀಳುವ ಗಿರಾಕಿಗಳು ನಮ್ಮವರು, ಅದು ಬೇರೆ ಮಾತು.

ಇನ್ನು ಅವರಿಗೆ ಹೇಸಿಗೆ ಹುಟ್ಟಿಸಿದ ಪ್ರಿಸರ್ವೇಟಿವ್ ವಿಷಯ. ಇದೇ ಹಿರಿಯರು ಮಾವಿನಕಾಯಿ ಉಪ್ಪಿನಕಾಯಿ ಹಾಕುವಾಗ ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸುತ್ತಾರೆ, ಹಸಿ ಚಮಚ ತಾಗಿಸಿದ ಸೊಸೆಯ ಜನ್ಮ ಜಾಲಾಡುತ್ತಾರೆ, ಉಪ್ಪು ಒಂದು ಹಿಡಿ ಕಡಿಮೆಯಾದರೆ ಬೂಸು ಬರುತ್ತದೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹೆಚ್ಚುಕಡಿಮೆ ಪೂರ್ತಿ ನೀರೇ ಇರುವ ಲೋಳಸರವನ್ನು ಗುಲಾಬಿ ನೀರಿನಲ್ಲಿ ಕಲಸಿ, ಡಬ್ಬಿಗೆ ತುಂಬಿ, ಅದರಲ್ಲಿ ದಿನಕ್ಕೆರಡು ಸಲ ಬೆರಳು ಅದ್ದುವಾಗ ಆ ಜ್ಞಾನವೆಲ್ಲ ಎಲ್ಲಿಗೆ ಹೋಗುತ್ತದೆಯೋ ತಿಳಿಯದು. ಬೂಸು ಕಣ್ಣಿಗೆ ಬೀಳುವ ಮೊದಲೇ ಅದರಲ್ಲಿ ಬ್ಯಾಕ್ಟೀರಿಯಾ ತುಂಬಿಕೊಳ್ಳಬಹುದು. ಫ್ರಿಜ್ಜಿನಲ್ಲಿಟ್ಟರೆ ಆ ಕೆಲಸ ತಡವಾಗುತ್ತದೆ, ನಿಲ್ಲುವುದಿಲ್ಲ.

ನಾನು ಮನೆಯಲ್ಲಿ ಕ್ರೀಮು ಮಾಡುವುದರ ವಿರೋಧಿ ಎಂದುಕೊಳ್ಳಬೇಡಿ, ನಾನೇ ಮಾಡಿಕೊಳ್ಳುತ್ತೇನೆ, ಆ ಬಗ್ಗೆ ಸ್ವಲ್ಪ ಜಂಬವೂ ಇದೆ. ಎಣ್ಣೆ ಮತ್ತು ಎಣ್ಣೆ-ನೀರನ್ನು ಬೆಸೆಯುವ ಎಮಲ್ಸಿಫೈಯಿಂಗ್ ವ್ಯಾಕ್ಸ್ ಒಂದು ಪಾತ್ರೆಯಲ್ಲಿ, ನೀರು ಮತ್ತು ಗ್ಲಿಸರಿನ್ ಇನ್ನೊಂದರಲ್ಲಿ, ಎರಡನ್ನೂ 70ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕೂಡಿಸಿ ಕಡೆಯುವಾಗ, ತೆಳುವಾದ ಹಾಲಿನಂಥದ್ದು ಆರುತ್ತಾ ಬಂದು ಒಮ್ಮೆಲೇ ಗಟ್ಟಿಯಾಗುವ ಆ ಕ್ಷಣಕ್ಕೆ ಇಷ್ಟು ವರ್ಷಗಳ ಮೇಲೂ ನನಗೆ ಮಕ್ಕಳಂತೆ ಖುಷಿಯಾಗುತ್ತದೆ. 40 ಡಿಗ್ರಿಗೆ ಇಳಿದ ಮೇಲೆ ಸ್ವಲ್ಪ ನೀರಿನಲ್ಲಿ ಕರಗಿಸಿದ ನಯಾಸಿನಮೈಡ್ ಶೇಕಡಾ 4, ಪ್ರಿಸರ್ವೇಟಿವ್ ಆಗಿ ಫಿನಾಕ್ಸಿಎಥನಾಲ್ ಹೆಚ್ಚೆಂದರೆ ಶೇಕಡಾ 1. ನಯಾಸಿನಮೈಡ್ ಬಣ್ಣದ ಕಣಗಳು ಚರ್ಮದ ಮೇಲ್ಪದರದ ಜೀವಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ. ಕಲೆ ಸ್ವಲ್ಪ ಮಾಸಲು ಎರಡು ತಿಂಗಳಾದರೂ ಬೇಕು, ಹಗಲು ಸನ್‌ಸ್ಕ್ರೀನ್ ಹಚ್ಚದಿದ್ದರೆ ಅದೂ ಇಲ್ಲ. ಹುಟ್ಟಿದ ಬಣ್ಣ ಬದಲಾಗುವುದಿಲ್ಲ. ನನ್ನದಂತೂ ಬದಲಾಗಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಸ್ವಲ್ಪ ಕಪ್ಪು ಎಂದು ಅವಲಕ್ಕಿ ತಿನ್ನುತ್ತಲೇ ಅಂದದ್ದು ಇಂದಿಗೂ ಕಿವಿಯಲ್ಲಿದೆ, ಆದ್ದರಿಂದ ಆ ಹುಡುಗಿಯ ಆಸೆ ನನಗೆ ಅರ್ಥವಾಗುವುದಿಲ್ಲ ಎಂದು ಯಾರೂ ಹೇಳಬೇಕಾಗಿಲ್ಲ.

ಹಿಂದಿನವರು ಕಡಲೆಹಿಟ್ಟು, ಅರಿಷಿಣ ಹಚ್ಚಿಕೊಂಡು ಚೆನ್ನಾಗಿರಲಿಲ್ಲವೇ ಎಂದು ನಿನ್ನೆಯೂ ಒಬ್ಬರು ಕೇಳಿದರು. ಇದ್ದರು. ಬೇಕಾದಾಗ ಕಲಸಿ, ಹಚ್ಚಿ, ತೊಳೆದು ಮುಗಿಸುತ್ತಿದ್ದರು. ಡಬ್ಬಿಗೆ ತುಂಬಿ ತಿಂಗಳಿಡುತ್ತಿರಲಿಲ್ಲ, ಅದರಲ್ಲಿ ಟ್ಯೂಬು ಹಿಂಡುತ್ತಲೂ ಇರಲಿಲ್ಲ. ಪೇಟೆಯ ಕ್ರೀಮುಗಳಲ್ಲಿ ಪಾದರಸ ಸಿಕ್ಕಿದ್ದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಸಿಕ್ಕಿದೆ, ಅದು ಘೋರವೇ. ಅದಕ್ಕೆ ಉತ್ತರ ಮನೆಯಲ್ಲಿ ಸ್ಟಿರಾಯ್ಡ್ ಕಲಸುವುದು ಹೇಗಾಗುತ್ತದೆ ಎಂದು ಕೇಳಿದರೆ ಎಲ್ಲರೂ ಹೋಳಿಗೆಯ ಕಡೆ ತಿರುಗಿದರು.

ಡಬ್ಬಿಯನ್ನು ಆ ಹುಡುಗಿಯಿಂದ ಕೇಳಿ ತೆಗೆದುಕೊಂಡು, ಅವಳ ಹೆರಿಗೆ ವೈದ್ಯರಿಗೆ ಬಂಗು ತೋರಿಸಲು ಹೇಳಿ ಬಂದಿದ್ದೇನೆ. ಹಿರಿಯರು ಮಾತು ಬಿಟ್ಟಿದ್ದಾರೆ, ಬಿಡಲಿ. ಕ್ರೀಮು ಕಲಿಯುವ ಆಸೆಯಿದ್ದವರು ಧಾರವಾಡದ ನಮ್ಮ ಮನೆಗೆ ಬನ್ನಿ, 0.1 ಗ್ರಾಂ ತೂಗುವ ತಕ್ಕಡಿ ಮತ್ತು ಥರ್ಮಾಮೀಟರ್ ನನ್ನಲ್ಲಿವೆ. "ಅಕ್ಕಾರ, ಅಂದಾಜ್ ಎಷ್ಟ್ ಚಮಚ ಹಾಕ್ಬೇಕ್ರಿ?" ಎಂದು ಇನ್‌ಬಾಕ್ಸಿಗೆ ಬರುವವರಿಗೆ ಉತ್ತರ ಬರುವುದಿಲ್ಲ.